ಎರಡೂವರೆ ಲಕ್ಷದ ಹೊಸ ಗಿಟಾರಿನಲ್ಲಿ ಫ್ರೆಟ್ ಏಕೆ ಚುಚ್ಚುತ್ತದೆ?

ಪ್ರಶ್ನೆ: ಫೆಬ್ರುವರಿ ಕೊನೆಯಲ್ಲಿ ಬೆಂಗಳೂರಿನ ಅಂಗಡಿಯೊಂದರಲ್ಲಿ, ಅಮೆರಿಕದಲ್ಲಿ ತಯಾರಾದ ಎಲೆಕ್ಟ್ರಿಕ್ ಗಿಟಾರೊಂದನ್ನು 2,45,000 ರೂಪಾಯಿ ಕೊಟ್ಟು ಕೊಂಡೆ. ವರ್ಷಗಟ್ಟಲೆ ಕೂಡಿಟ್ಟ ಹಣ. ಮೂರೇ ವಾರಗಳಲ್ಲಿ ನಾಲ್ಕು ಕೊರತೆಗಳು ಕಾಣಿಸಿವೆ. ನೆಕ್‌ನ, ಅಂದರೆ ಗಿಟಾರಿನ ಕತ್ತಿನ, ಅಂಚಿನಲ್ಲಿ ಫ್ರೆಟ್‌ಗಳ, ಅಂದರೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ, ತುದಿ ಕೈಗೆ ಚುಚ್ಚುತ್ತದೆ. ಮೂರನೆಯ ತಂತಿಯನ್ನು, ಅಂದರೆ ಜಿ ತಂತಿಯನ್ನು, ಶ್ರುತಿ ಮಾಡುವಾಗ ‘ಟಿಣ್’ ಎಂದು ಸದ್ದಾಗಿ ಸ್ವರ ಜಿಗಿಯುತ್ತದೆ. ಎಳೆದು ನುಡಿಸಿದರೆ ಶ್ರುತಿ ಕೆಡುತ್ತದೆ. ಹನ್ನೊಂದನೆಯ ಫ್ರೆಟ್‌ನಲ್ಲಿ ಒತ್ತಿದರೆ ತಂತಿ ಝರ್ ಎನ್ನುತ್ತದೆ. ನೆಕ್ ಬಾಡಿಗೆ ಸೇರುವ ಜಾಗದಲ್ಲಿ ಲ್ಯಾಕರ್ ಎಂಬ ಹೊಳಪು ಲೇಪದ ಮೇಲೆ ಕೂದಲಿನಂಥ ಗೆರೆಯೂ ಅದರ ಪಕ್ಕದಲ್ಲಿ ಮಂಕಾದ ಮಚ್ಚೆಯೂ ಇವೆ. ಅಂಗಡಿಯವರು ‘ಇವೆಲ್ಲ ಮಾಮೂಲು, ಸೆಟಪ್, ಅಂದರೆ ತಂತಿ ನೆಕ್‌ಗಳ ಹೊಂದಾಣಿಕೆ, ಮಾಡಿಸಿದರೆ ಸರಿಹೋಗುತ್ತದೆ’ ಎನ್ನುತ್ತಾರೆ. ಗೆಳೆಯನ ಬಳಿ ಇರುವ 35,000 ರೂಪಾಯಿಯ, ಇಂಡೊನೇಷ್ಯಾದಲ್ಲಿ ತಯಾರಾದ ಗಿಟಾರಿನಲ್ಲಿ ಇವು ಯಾವುವೂ ಇಲ್ಲ. ನಾನು ಹಿಂತಿರುಗಿಸಬೇಕೆ, ರಿಪೇರಿ ಮಾಡಿಸಬೇಕೆ, ಸುಮ್ಮನಿರಬೇಕೆ?

ಉತ್ತರ: ನಿಮ್ಮ ನಾಲ್ಕು ದೂರುಗಳೂ ನ್ಯಾಯವಾದವು, ಆದರೆ ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು. ಫ್ರೆಟ್ ತುದಿ, ಜಿ ತಂತಿ, ಹನ್ನೊಂದನೆಯ ಫ್ರೆಟ್‌ನ ಝರ್ ಸದ್ದು, ಈ ಮೂರೂ ಕೈಕೆಲಸದ ಕೊರತೆಗಳು. ಅನುಭವಿ ರಿಪೇರಿಗಾರ ಅರ್ಧ ದಿನದಲ್ಲಿ ಸರಿಪಡಿಸಬಲ್ಲ. ನೆಕ್ ಸೇರುವ ಜಾಗದ ಗೆರೆ ಮಾತ್ರ ಬೇರೆ ಜಾತಿಯದು. ಅದು ಏನೂ ಅಲ್ಲದಿರಬಹುದು, ಅಥವಾ ಗಿಟಾರನ್ನು ಹಿಂತಿರುಗಿಸಲೇಬೇಕಾದ ಕಾರಣವೂ ಆಗಿರಬಹುದು. ಆದ್ದರಿಂದ ಉಳಿದುದನ್ನೆಲ್ಲ ಬದಿಗಿಟ್ಟು ಮೊದಲು ಅದನ್ನು ಪರೀಕ್ಷಿಸಿ, ಪರೀಕ್ಷೆ ಮುಗಿಯುವ ತನಕ ಗಿಟಾರಿನ ಮೇಲೆ ಯಾರ ಕೈಯಿಂದಲೂ ಯಾವ ರಿಪೇರಿಯನ್ನೂ ಮಾಡಿಸಬೇಡಿ.

ಪರೀಕ್ಷೆ ಹೀಗೆ. ಕತ್ತಲ ಕೋಣೆಯಲ್ಲಿ ಮೊಬೈಲಿನ ಟಾರ್ಚನ್ನು ಗೆರೆಯ ಮೇಲೆ ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದು, ಒಂದು ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ. ಬಳಿಕ ಆರೂ ತಂತಿಗಳನ್ನು ಪೂರ್ತಿ ಸಡಿಲಿಸಿ, ಅದೇ ಕೋನದಿಂದ ಮತ್ತೊಂದು ಫೋಟೊ ತೆಗೆಯಿರಿ. ಹತ್ತರಿಂದ ನಲವತ್ತಾರರ (ಇಂಚಿನ ಸಾವಿರದ ಭಾಗಗಳಲ್ಲಿ ಹೇಳುವ ದಪ್ಪ) ಸಾಮಾನ್ಯ ತಂತಿಗಳನ್ನು ಶ್ರುತಿಗೆ ತಂದಾಗ ಅವೆಲ್ಲ ಸೇರಿ ಸುಮಾರು 45 ಕಿಲೋಗ್ರಾಂ ಬಲದಿಂದ ನೆಕ್ಕನ್ನು ಎಳೆಯುತ್ತಿರುತ್ತವೆ. ಆ ಎಳೆತ ಇದ್ದಾಗ ಅಗಲವಾಗಿಯೂ ಇಲ್ಲದಾಗ ಕಿರಿದಾಗಿಯೂ ಗೆರೆ ಕಂಡರೆ, ಅಥವಾ ತೆಳು ಕಾಗದದ ಅಂಚು ಅದರೊಳಗೆ ನುಸುಳಿದರೆ, ನೆಕ್ಕನ್ನು ಬಾಡಿಗೆ ಹಿಡಿದಿರುವ ಅಂಟು ಬಿಟ್ಟಿದೆ ಎಂದೇ ತಿಳಿಯಬೇಕು. ಅಂಥ ಗಿಟಾರನ್ನು ಮರುಮಾತಿಲ್ಲದೆ ಹಿಂತಿರುಗಿಸಿ. ಎರಡೂ ಫೋಟೊಗಳಲ್ಲಿ ಗೆರೆ ಒಂದೇ ರೀತಿ ಇದ್ದು, ಉಗುರನ್ನು ಅಡ್ಡಲಾಗಿ ಎಳೆದಾಗ ಅರಿವಿಗೆ ಬಂದೂ ಬಾರದಂತಿದ್ದರೆ, ಬಿರಿದಿರುವುದು ಲ್ಯಾಕರ್ ಮಾತ್ರ. ನೈಟ್ರೊಸೆಲ್ಯುಲೋಸ್ ಲ್ಯಾಕರ್ ತೆಳುವಾದದ್ದು, ಪೆಡಸಾದದ್ದು. ನೆಕ್‌ನ ಮರವೂ ಬಾಡಿಯ ಮರವೂ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುವಾಗ ಒಂದೇ ಪ್ರಮಾಣದಲ್ಲಿ ಅಲುಗುವುದಿಲ್ಲವಾದ್ದರಿಂದ, ಎರಡೂ ಕೂಡುವ ಸಂದಿನಲ್ಲಿ ಇಂಥ ಗೆರೆ ಬೀಳುವುದು ಅಪರೂಪವಲ್ಲ. ಅದರಿಂದ ಗಟ್ಟಿತನಕ್ಕೂ ನಾದಕ್ಕೂ ಬಾಧೆಯಿಲ್ಲ.

ಪಕ್ಕದ ಮಂಕು ಮಚ್ಚೆಯನ್ನು ತುಸು ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿ ನೋಡಿ. ಹೋದರೆ ಅದು ಪಾಲಿಶ್ ಮಾಡುವಾಗ ಉಳಿದ ಮೇಣದಂಥ ವಸ್ತು. ಹೋಗದಿದ್ದರೆ ತಿರುಗುವ ಪಾಲಿಶ್ ಚಕ್ರ ಆ ಮೂಲೆಯಲ್ಲಿ ಲ್ಯಾಕರನ್ನು ಅತಿಯಾಗಿ ತೇಯ್ದಿದೆ, ಇಲ್ಲವೇ ತೇವದ ಗಾಳಿಯಲ್ಲಿ ಲ್ಯಾಕರ್ ಸಿಂಪಡಿಸಿದಾಗ ನೀರಿನಂಶ ಒಳಗೆ ಸಿಕ್ಕಿಕೊಂಡಿದೆ. ನುಡಿಸುವಿಕೆಗೆ ಇದರಿಂದ ಅಡ್ಡಿಯಿಲ್ಲ, ಆದರೆ ಬೆಲೆಗೆ ಅಡ್ಡಿಯಿದೆ. ಇಂಥ ಮಚ್ಚೆಯಿರುವ ಗಿಟಾರುಗಳನ್ನು ‘ಸೆಕೆಂಡ್ಸ್’ ಎಂದು ಗುರುತಿಸಿ ಕಡಿಮೆ ಬೆಲೆಗೆ ಮಾರುವ ಪದ್ಧತಿ ಈ ಉದ್ಯಮದಲ್ಲಿ ಮೊದಲಿನಿಂದಲೂ ಇದೆ. ಅದನ್ನೇ ಪೂರ್ತಿ ಬೆಲೆಗೆ ಮಾರಿ ‘ಮಾಮೂಲು’ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ಫ್ರೆಟ್‌ಗಳ ವಿಷಯ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನೂ ಬೇಸಿಗೆಯಲ್ಲಿ ಅದೇ ಬಾಗಿಲು ಸಲೀಸಾಗಿ ಆಡುವುದನ್ನೂ ನೀವು ಕಂಡಿದ್ದೀರಿ. ಫ್ರೆಟ್‌ಗಳು ಕೂತಿರುವ ಮರದ ಹಲಗೆ, ಅಂದರೆ ಫ್ರೆಟ್‌ಬೋರ್ಡ್, ಮಾಡುವುದೂ ಅದನ್ನೇ. ಮರ ಎಳೆಯ ಉದ್ದಕ್ಕೆ ಬಹುತೇಕ ಅಲುಗುವುದಿಲ್ಲ, ಅಗಲಕ್ಕೆ ಅಲುಗುತ್ತದೆ; ಫ್ರೆಟ್ ಮಾತ್ರ ತಾಮ್ರ, ನಿಕ್ಕಲ್, ಸತುಗಳ ಮಿಶ್ರಲೋಹ, ಅದಕ್ಕೆ ತೇವದ ಹಂಗಿಲ್ಲ. ಒಳ್ಳೆಯ ಕಾರ್ಖಾನೆಗಳು ಗಾಳಿಯ ಸಾಪೇಕ್ಷ ತೇವಾಂಶವನ್ನು ಶೇಕಡಾ 45ರಿಂದ 50ರ ಆಸುಪಾಸಿನಲ್ಲಿ ಕಾಯ್ದುಕೊಂಡು ಕೆಲಸ ಮಾಡುತ್ತವೆ. ಅಲ್ಲಿಂದ ಹೊರಟ ಗಿಟಾರು ಫೆಬ್ರುವರಿ, ಮಾರ್ಚ್ ತಿಂಗಳ ಬೆಂಗಳೂರಿನ ಒಣಹವೆಗೆ, ಅದರಲ್ಲೂ ಎಸಿ ಹಾಕಿದ ಕೋಣೆಗೆ ಬಂದಾಗ, ಫ್ರೆಟ್‌ಬೋರ್ಡ್ ಅಗಲದಲ್ಲಿ ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದಷ್ಟು ಕುಗ್ಗುತ್ತದೆ. ಫ್ರೆಟ್ ಇದ್ದಷ್ಟೇ ಉದ್ದವಿರುವುದರಿಂದ ತುದಿ ಹೊರಗೆ ಚಾಚುತ್ತದೆ. ಕಣ್ಣಿಗೆ ಕಾಣದ ಈ ಅಂತರ ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ.

ಹಾಗಾದರೆ ತಯಾರಕರ ತಪ್ಪಿಲ್ಲವೇ? ಅದನ್ನು ತಿಳಿಯಲು ದಾರಿಯಿದೆ. ಗಿಟಾರನ್ನು ಅದರ ಗಟ್ಟಿ ಪೆಟ್ಟಿಗೆಯಲ್ಲಿ, ತೇವಾಂಶವನ್ನು ಶೇಕಡಾ 50ರ ಬಳಿ ನಿಲ್ಲಿಸುವ ಪೊಟ್ಟಣದ ಜೊತೆಗೆ ಎರಡು ವಾರ ಮುಚ್ಚಿಡಿ. ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಮಾಪಕವೊಂದನ್ನೂ ಒಳಗಿಡಿ. ಎರಡು ವಾರಗಳ ಬಳಿಕ ಚುಚ್ಚುವುದು ಕಡಿಮೆಯಾಗಿದ್ದರೆ ಕಾರಣ ಒಣಹವೆ. ಚುಚ್ಚುವುದು ಹಾಗೆಯೇ ಇದ್ದರೆ ಫ್ರೆಟ್ ತುದಿಯ ಮೂಲೆಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡುವ ಕೆಲಸವನ್ನೇ ಯಾರೋ ಅರ್ಧಕ್ಕೆ ಬಿಟ್ಟಿದ್ದಾರೆ. ನನ್ನ ಕೆಲಸದ ಮೇಜಿಗೆ ಬಂದ ಹೊಸ ಗಿಟಾರುಗಳಲ್ಲಿ ಹೆಚ್ಚಾಗಿ ಎರಡೂ ಬೆರೆತೇ ಇದ್ದವು: ಮರ ಕುಗ್ಗಿದ್ದು ನಿಜ, ಮೂಲೆಗಳನ್ನು ದುಂಡಗೆ ಮಾಡದೆ ಬಿಟ್ಟದ್ದೂ ನಿಜ. ಚೆನ್ನಾಗಿ ದುಂಡಗೆ ಮಾಡಿದ ತುದಿ ಕೂದಲೆಳೆಯಷ್ಟು ಹೊರಚಾಚಿದರೂ ಅಂಗೈಗೆ ಸವರಿದಂತಾಗುತ್ತದೆ, ಚುಚ್ಚುವುದಿಲ್ಲ. ಇದೇ ಗಿಟಾರು ಜುಲೈಯಲ್ಲಿ ಮಂಗಳೂರಿಗೆ ಹೋದರೆ ಚುಚ್ಚುವುದು ತಾನಾಗಿ ನಿಂತು, ಬದಲಿಗೆ ನೆಕ್ ತೇವ ಹೀರಿ ತಂತಿಗಳು ಮೇಲೇಳುತ್ತವೆ. ಜಗತ್ತಿನ ನಾನಾ ಹವೆಗಳಿಗೆ ಗಿಟಾರು ಕಳುಹಿಸುವ ಕಂಪನಿಗೆ ಇದು ತಿಳಿಯದ ವಿಷಯವಲ್ಲ.

ಹನ್ನೊಂದನೆಯ ಫ್ರೆಟ್‌ನ ಝರ್ ಸದ್ದಿಗೆ ಕಾರಣ ಬಹುಮಟ್ಟಿಗೆ ಹನ್ನೆರಡನೆಯ ಫ್ರೆಟ್. ನಿಮ್ಮ ಎಟಿಎಂ ಕಾರ್ಡನ್ನು ತೆಗೆದುಕೊಂಡು, ಅದರ ಚಿಕ್ಕ ಬದಿಯ ನೇರ ಅಂಚನ್ನು ಹನ್ನೊಂದು, ಹನ್ನೆರಡು, ಹದಿಮೂರನೆಯ ಫ್ರೆಟ್‌ಗಳ ಮೇಲೆ, ಎರಡು ತಂತಿಗಳ ನಡುವೆ ನಿಲ್ಲಿಸಿ, ಎರಡೂ ತುದಿಗಳನ್ನು ಬೆರಳಿನಿಂದ ಒಂದಾದ ಮೇಲೊಂದು ಮೆಲ್ಲಗೆ ಒತ್ತಿ. ಕಾರ್ಡು ಏತದಂತೆ ತೂಗಿ ‘ಟಕ್ ಟಕ್’ ಎಂದರೆ ನಡುವಿನ ಫ್ರೆಟ್ ಎತ್ತರವಾಗಿದೆ. ಒಮ್ಮೆಗೆ ಮೂರೇ ಫ್ರೆಟ್‌ಗಳು ತಾಗಬೇಕು; ನಾಲ್ಕನೆಯದು ತಾಗಿದರೆ ಪರೀಕ್ಷೆ ಸುಳ್ಳಾಗುತ್ತದೆ. ನಟ್‌ನ (ನೆಕ್‌ನ ತಲೆಯ ಕಡೆ ತಂತಿಗಳು ಹಾಯುವ ಕಚ್ಚುಗಳಿರುವ ಸಣ್ಣ ಪಟ್ಟಿ) ಕಡೆಯ, ನಡುವೆ ಅಂತರ ಹೆಚ್ಚಿರುವ ಫ್ರೆಟ್‌ಗಳಿಗೆ ಕಾರ್ಡಿನ ಉದ್ದ ಅಂಚನ್ನು ಬಳಸಿ. ಹೀಗೆ ನೆಕ್ ಉದ್ದಕ್ಕೂ, ಆರೂ ತಂತಿಗಳ ಕೆಳಗೆ ನೋಡಿ ಬರೆದಿಟ್ಟುಕೊಳ್ಳಿ. ಒಂದೆರಡು ಫ್ರೆಟ್ ಮಾತ್ರ ಎದ್ದಿದ್ದರೆ ಅದು ಸಣ್ಣ ಕೆಲಸ. ಬಾಡಿಯ ಹತ್ತಿರದ ಫ್ರೆಟ್‌ಗಳು ಒಟ್ಟಾಗಿ ಉಬ್ಬಿದ್ದರೆ ಮಾತ್ರ ಚಿಂತಿಸಬೇಕು, ಏಕೆಂದರೆ ನೆಕ್‌ನ ಬಾಗನ್ನು ಹೊಂದಿಸಲು ಅದರೊಳಗೆ ಇರುವ ಲೋಹದ ಸಲಾಕೆಯಾದ ಟ್ರಸ್ ರಾಡ್‌ನ ಬಲ ಅಲ್ಲಿಯವರೆಗೆ ಚೆನ್ನಾಗಿ ತಲುಪುವುದಿಲ್ಲ. ಉಬ್ಬು ಅಂಟಿಸುವಾಗಲೇ ಬಂದಿದ್ದರೆ ಅದನ್ನು ತೆಗೆಯಲು ಫ್ರೆಟ್‌ಗಳನ್ನೇ ಕಿತ್ತು ಬೋರ್ಡನ್ನು ಸಮ ಮಾಡಬೇಕಾಗುತ್ತದೆ.

ಈ ಪರೀಕ್ಷೆಗೆ ಮುಂಚೆ ನೆಕ್ ಎಷ್ಟು ಬಾಗಿದೆ ಎಂಬುದನ್ನೂ ನೋಡಿ. ಮೊದಲನೆಯ ಫ್ರೆಟ್‌ನಲ್ಲೂ ಬಾಡಿಗೆ ಸೇರುವ ಕಡೆಯ ಫ್ರೆಟ್‌ನಲ್ಲೂ ತಂತಿಯನ್ನು ಒತ್ತಿ ಹಿಡಿದಾಗ, ಏಳು ಅಥವಾ ಎಂಟನೆಯ ಫ್ರೆಟ್‌ನ ಮೇಲೆ ಸುಮಾರು 0.25 ಮಿಲಿಮೀಟರ್, ಹೆಚ್ಚುಕಡಿಮೆ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು, ಸಂದು ಇರಬೇಕು. ಸಂದೇ ಇಲ್ಲದಿದ್ದರೆ ನಿಮ್ಮ ಝರ್ ಸದ್ದಿಗೆ ನೆಕ್ ಹಿಂದಕ್ಕೆ ಬಾಗಿರುವುದೂ ಕಾರಣವಾಗಿರಬಹುದು, ಮತ್ತು ಅದು ಟ್ರಸ್ ರಾಡ್‌ನ ಕಾಲು ಸುತ್ತಿನಲ್ಲಿ ಸರಿಹೋಗಬಹುದು. ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವ ಸಾಹಸ ಮಾತ್ರ ಮನೆಯಲ್ಲಿ ಬೇಡ.

ಜಿ ತಂತಿಯ ವಿಷಯದಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದುಬಾರಿ ಗಿಟಾರು ಕೊಂಡವರನ್ನು ಅತಿ ಹೆಚ್ಚು ನೋಯಿಸುವುದು ಇದೇ, ಮತ್ತು ಅವರು ಅನುಮಾನಿಸುವುದು ಯಾವಾಗಲೂ ತಪ್ಪು ಭಾಗವನ್ನೇ. ಶ್ರುತಿ ನಿಲ್ಲದಿದ್ದರೆ ಎಲ್ಲರೂ ಟ್ಯೂನರುಗಳನ್ನು, ಅಂದರೆ ತಂತಿ ಬಿಗಿಯುವ ಬಿರಡೆಗಳನ್ನು, ಬದಲಿಸಲು ಹೊರಡುತ್ತಾರೆ. ‘ಟಿಣ್’ ಸದ್ದು ಹುಟ್ಟುವುದು ಟ್ಯೂನರಿನಲ್ಲಲ್ಲ, ನಟ್‌ನಲ್ಲಿ. ಮೂರು ಮೂರು ಟ್ಯೂನರುಗಳು ಎರಡು ಬದಿಗಳಲ್ಲಿರುವ ಹೆಡ್‌ಸ್ಟಾಕ್‌ನಲ್ಲಿ, ಅಂದರೆ ಗಿಟಾರಿನ ತಲೆಯಲ್ಲಿ, ನಡುವಿನ ಎರಡು ತಂತಿಗಳು, ಡಿ ಮತ್ತು ಜಿ, ನಟ್ ದಾಟಿದೊಡನೆ ಬದಿಗೆ ಹೊರಳುತ್ತವೆ. ಹೆಡ್‌ಸ್ಟಾಕ್ ಹಿಂದಕ್ಕೆ ಓರೆಯಾಗಿರುವುದರಿಂದ ಕೆಳಕ್ಕೂ ಬಾಗುತ್ತವೆ. ನಟ್‌ನ ಕಚ್ಚು ತಂತಿಯ ದಪ್ಪಕ್ಕಿಂತ ಒಂದಿಷ್ಟು ಅಗಲವಾಗಿದ್ದು, ಟ್ಯೂನರಿನ ದಿಕ್ಕಿಗೆ ಇಳಿಜಾರಾಗಿದ್ದು, ಒಳಮೈ ನುಣುಪಾಗಿದ್ದರೆ ತಂತಿ ಜಾರುತ್ತದೆ. ಇಲ್ಲದಿದ್ದರೆ ಸಿಕ್ಕಿಕೊಳ್ಳುತ್ತದೆ, ಒತ್ತಡ ಮೀರಿದಾಗ ಒಮ್ಮೆಲೇ ಬಿಟ್ಟುಕೊಂಡು ‘ಟಿಣ್’ ಎನ್ನುತ್ತದೆ.

ಬೆಲೆಯಲ್ಲಿ ನಿಮ್ಮದಕ್ಕಿಂತ ಕಡಿಮೆಯಿಲ್ಲದ ಒಂದು ಹೊಸ ಗಿಟಾರು ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬಂದಿತ್ತು. ಮಾಲೀಕರು ಆಗಲೇ ಟ್ಯೂನರುಗಳನ್ನು ಬದಲಿಸಿ ಹದಿನೈದು ಸಾವಿರ ಕಳೆದುಕೊಂಡಿದ್ದರು. ಜಿ ತಂತಿಯ ಕಚ್ಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರ ಒಂದು ಗೋಡೆಯಲ್ಲಿ ಲ್ಯಾಕರಿನ ತೊಟ್ಟೊಂದು ಒಣಗಿ ಗಾಜಿನ ಹರಳಿನಂತೆ ಕುಳಿತಿತ್ತು. ನಟ್ಟನ್ನು ಕಳಚಿದಾಗ ಅದರ ಅಡಿಯಲ್ಲಿ ಒಣಗಿದ ಅಂಟಿನ ಗುಳ್ಳೆಯೂ ಸಿಕ್ಕಿತು. ಅದರಿಂದಾಗಿ ನಟ್ ಒಂದು ಕಡೆ ಎದ್ದು, ಮೊದಲ ಫ್ರೆಟ್‌ನಲ್ಲಿ ಒತ್ತಿದ ಪ್ರತಿ ಸ್ವರವೂ ತುಸು ಏರಿ ಕೇಳುತ್ತಿತ್ತು. ಅಂಟು ಕೆರೆದು, ಕಚ್ಚನ್ನು ತಂತಿಯ ಅಳತೆಯ ಅರದಿಂದ ನಾಲ್ಕು ಬಾರಿ ಎಳೆದು, ನಟ್ಟನ್ನು ಮತ್ತೆ ಕೂರಿಸಲು ಇಪ್ಪತ್ತೈದು ನಿಮಿಷ ಬೇಕಾಯಿತು. ಆ ಇಪ್ಪತ್ತೈದು ನಿಮಿಷವನ್ನು ಕಾರ್ಖಾನೆಯಲ್ಲಿ ಕೊಟ್ಟಿದ್ದರೆ ಅವರು ಹದಿನೈದು ಸಾವಿರ ಕಳೆದುಕೊಳ್ಳುತ್ತಿರಲಿಲ್ಲ ಎಂದು ನನಗೆ ಇಂದಿಗೂ ಬೇಸರವಾಗುತ್ತದೆ.

ನಿಮ್ಮ ನಟ್ಟನ್ನು ಹೀಗೆ ನೋಡಿ: ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದಾಗ ಮೊದಲನೆಯ ಫ್ರೆಟ್‌ಗೂ ತಂತಿಗೂ ನಡುವೆ ಸಾಮಾನ್ಯ ಪ್ರಿಂಟರ್ ಕಾಗದದ ದಪ್ಪದಷ್ಟು, ಅಂದರೆ ಸುಮಾರು 0.1 ಮಿಲಿಮೀಟರ್, ಸಂದಿರಬೇಕು. ತೀರಾ ಹೆಚ್ಚಿದ್ದರೆ ಕಚ್ಚು ಆಳ ಸಾಲದು. ಏನೂ ಇಲ್ಲದಿದ್ದರೆ ಆಳ ಹೆಚ್ಚಾಗಿದೆ, ಹಾಗಿದ್ದಲ್ಲಿ ನಟ್ಟನ್ನೇ ಬದಲಿಸಬೇಕು. ಪೆನ್ಸಿಲಿನ ಸೀಸದ ಪುಡಿಯನ್ನು ಕಚ್ಚಿಗೆ ಸವರಿದರೆ ತಂತಿ ಕೆಲವು ದಿನ ಜಾರುತ್ತದೆ. ಅದು ಚಿಕಿತ್ಸೆಯಲ್ಲ, ಆದರೆ ರೋಗ ನಟ್‌ನಲ್ಲಿದೆ ಎಂಬುದಕ್ಕೆ ಒಳ್ಳೆಯ ಪುರಾವೆ.

ಇಷ್ಟು ಬೆಲೆ ಕೊಟ್ಟೂ ಇದೇಕೆ ಹೀಗೆ ಎಂಬುದು ನಿಮ್ಮ ಪ್ರಶ್ನೆಯ ತಿರುಳು. ಗಿಟಾರಿನ ಬಾಡಿ, ನೆಕ್, ಫ್ರೆಟ್ ಕೂರುವ ಸೀಳುಗಳನ್ನು ಇಂದು ಕಂಪ್ಯೂಟರ್ ನಡೆಸುವ ಯಂತ್ರಗಳು ಕೊರೆಯುತ್ತವೆ. ಆದ್ದರಿಂದ ಫ್ರೆಟ್‌ಗಳು ತಪ್ಪು ಜಾಗದಲ್ಲಿ ಕೂತ ಹೊಸ ಗಿಟಾರು ಈಗ ಕಾಣಸಿಗುವುದೇ ಕಷ್ಟ. ದೋಷಗಳೆಲ್ಲ ಯಂತ್ರ ಕೆಲಸ ಮುಗಿಸಿದ ಮೇಲೆ ಉಳಿಯುವ ಕೈಕೆಲಸದಲ್ಲಿವೆ: ಫ್ರೆಟ್ ತುದಿ ದುಂಡಗೆ ಮಾಡುವುದು, ನಟ್ ಕಚ್ಚು ಉಜ್ಜುವುದು, ಬೈಂಡಿಂಗ್ ಎಂಬ ಅಂಚುಪಟ್ಟಿಯ ಮೇಲೆ ಹರಿದ ಬಣ್ಣ ಕೆರೆಯುವುದು, ಪಾಲಿಶ್, ಬೆಸುಗೆ, ಕೊನೆಯ ಸೆಟಪ್. ಬರ್ಲಿನ್ನಿನಲ್ಲಿ ರೂಪುಗೊಂಡ ‘ಪ್ಲೆಕ್’ ಎಂಬ ಯಂತ್ರ ತಂತಿಯ ಎಳೆತದಲ್ಲಿರುವ ನೆಕ್ಕನ್ನು ಅಳೆದು ಫ್ರೆಟ್‌ಗಳನ್ನು ಮಿಲಿಮೀಟರಿನ ನೂರನೆಯ ಭಾಗಗಳ ನಿಖರತೆಯಲ್ಲಿ ಸಮ ಮಾಡುತ್ತದೆ. ಗಿಬ್ಸನ್ ಸೇರಿದಂತೆ ಹಲವು ಕಂಪನಿಗಳು ಅದನ್ನು ಬಳಸುತ್ತವೆ. ಅದು ಉತ್ತಮ ಸಾಧನವೇ. ಆದರೆ ಯಂತ್ರ ಅಳೆಯುವುದು ಆ ದಿನದ ಮರವನ್ನು. ಸರಿಯಾಗಿ ಹದವಾಗದ ಮರ ಮುಂದಿನ ತಿಂಗಳು ಅಲುಗಿದರೆ ಆ ನಿಖರತೆ ನೆಕ್‌ನ ಜೊತೆಗೇ ಅಲುಗಿಹೋಗುತ್ತದೆ. ನಮ್ಮಲ್ಲಿ ವೀಣೆಗೆ ಮೇಳ ಕಟ್ಟುವವರು ಇದನ್ನು ಚೆನ್ನಾಗಿ ಬಲ್ಲರು. ಇಪ್ಪತ್ನಾಲ್ಕು ಮೆಟ್ಟಿಲುಗಳನ್ನು ಮೇಣದ ಮೇಲೆ ಒಂದೊಂದಾಗಿ, ಕಿವಿಯಿಂದ ಸ್ವರ ನೋಡಿ ಕೂರಿಸುತ್ತಾರೆ, ವರ್ಷಗಳು ಕಳೆದು ಮೇಣ ಜಾರಿದಾಗ ಮತ್ತೆ ಮೇಳ ಕಟ್ಟುತ್ತಾರೆ. ಫ್ರೆಟ್‌ಗಳನ್ನು ಬಡಿದು ಕೂರಿಸುವ ಗಿಟಾರಿನಲ್ಲಿ ಆ ಅವಕಾಶವಿಲ್ಲದ ಕಾರಣ ಮೊದಲ ಸಲದ ಕೈಕೆಲಸವೇ ಸರಿಯಿರಬೇಕು.

ಈ ದೂರುಗಳೂ ಇಂದು ನಿನ್ನೆಯವಲ್ಲ. 1965ರಲ್ಲಿ ಅಮೆರಿಕದ ಗಿಟಾರು ತಯಾರಕ ಫೆಂಡರ್ ಕಂಪನಿ ಸಿಬಿಎಸ್ ಎಂಬ ಪ್ರಸಾರ ಸಂಸ್ಥೆಯ ಕೈಸೇರಿದ ಮೇಲೆ ಉತ್ಪಾದನೆ ಏರುತ್ತ ಹೋಯಿತು. 1970ರ ದಶಕದ ಅದರ ಅನೇಕ ಸ್ಟ್ರಾಟೊಕಾಸ್ಟರ್ ಗಿಟಾರುಗಳಲ್ಲಿ ನೆಕ್ ಕೂರುವ ಗುಂಡಿ ಸಡಿಲವಾಗಿತ್ತು ಎಂಬ ಆಕ್ಷೇಪ ಇಂದಿಗೂ ಕೇಳಿಬರುತ್ತದೆ. 1985ರಲ್ಲಿ ಉದ್ಯೋಗಿಗಳೇ ಸೇರಿ ಕಂಪನಿಯನ್ನು ಕೊಂಡರು. 1969ರಲ್ಲಿ ಗಿಬ್ಸನ್ ಕೂಡ ಕೈಬದಲಾಯಿತು.

ಗೆಳೆಯನ ಗಿಟಾರಿನ ಬಗ್ಗೆ ಎರಡು ಮಾತು. ಇಂಡೊನೇಷ್ಯಾದ ಸುರಬಾಯಾದಲ್ಲಿರುವ ದೊಡ್ಡ ಕಾರ್ಖಾನೆಯೊಂದು ಹಲವು ಹೆಸರಾಂತ ಬ್ರ್ಯಾಂಡುಗಳಿಗೆ ಗಿಟಾರು ತಯಾರಿಸಿಕೊಡುತ್ತದೆ, ಅಲ್ಲಿನ ಕೆಲಸ ಈಗ ಬಹಳ ಸುಧಾರಿಸಿದೆ. ಅಂಥ ಗಿಟಾರುಗಳ ಮೇಲೆ ಬಳಿಯುವುದು ಹೆಚ್ಚಾಗಿ ದಪ್ಪನೆಯ ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್ ಲೇಪ. ಅದು ನೈಟ್ರೊ ಲ್ಯಾಕರಿನಂತೆ ಬಿರಿಯುವುದಿಲ್ಲ, ಮರದ ಸಣ್ಣಪುಟ್ಟ ಅಲುಗಾಟವನ್ನು ಮರೆಮಾಡುತ್ತದೆ. ಉಳಿತಾಯ ಮಾಡಿರುವುದು ತಂತಿಯ ಕಂಪನವನ್ನು ಹಿಡಿಯುವ ಪಿಕಪ್, ಸ್ವಿಚ್ಚು, ಟ್ಯೂನರು, ಮರದ ಆಯ್ಕೆಗಳಲ್ಲಿ. ಆದ್ದರಿಂದ ಆ ಗಿಟಾರು ನಿಮ್ಮದಕ್ಕೆ ಎಲ್ಲ ವಿಧದಲ್ಲೂ ಸಮವೆಂದು ನಾನು ಹೇಳಲಾರೆ. ಆದರೆ ಫ್ರೆಟ್ ತುದಿಯನ್ನು ದುಂಡಗೆ ಮಾಡುವುದು, ನಟ್ ಕಚ್ಚನ್ನು ಸರಿಯಾಗಿ ಉಜ್ಜುವುದು ಇವು 35,000 ರೂಪಾಯಿಯ ಗಿಟಾರಿನಲ್ಲಿ ಸಾಧ್ಯವಾಗಿದ್ದರೆ, ಅದರ ಏಳು ಪಟ್ಟು ಬೆಲೆಯ ಗಿಟಾರಿನಲ್ಲಿ ಆಗದಿರುವುದನ್ನು ‘ಮಾಮೂಲು’ ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ಇದರ ಜೊತೆಗೆ, ದೋಷವಲ್ಲದ್ದನ್ನು ದೋಷವೆಂದು ದೂರಿ ನಿಮ್ಮ ವಾದವನ್ನು ದುರ್ಬಲ ಮಾಡಿಕೊಳ್ಳಬೇಡಿ. ನಿಮ್ಮ ಗಿಟಾರಿನ ಫ್ರೆಟ್‌ಬೋರ್ಡ್ ರೋಸ್‌ವುಡ್ ಆಗಿದ್ದರೆ ಅದು ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಬೀಟೆಯ ಜಾತಿಯದೇ ಆಗಿರುವ ಸಂಭವ ಹೆಚ್ಚು. ಅದರಲ್ಲಿ ತಿಳಿಬಣ್ಣದ ಅಥವಾ ನೇರಳೆ ಛಾಯೆಯ ಎಳೆಗಳು ಕಂಡರೆ ದೋಷವೆಂದು ಬಗೆಯಬೇಡಿ, ಬೀಟೆ ಇರುವುದೇ ಹಾಗೆ. ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ, ಪಿಕಪ್‌ನ ಗುಂಯ್ ಸದ್ದು ನಮ್ಮ 50 ಹರ್ಟ್ಸ್ ವಿದ್ಯುತ್ತಿನದು. ತಂತಿ ಮುಟ್ಟಿದಾಗ ಅದು ಕಡಿಮೆಯಾದರೆ ಗ್ರೌಂಡ್ ತಂತಿ ಸರಿಯಾಗಿದೆ ಎಂದರ್ಥ. ವಾಲ್ಯೂಮ್ ಗುಂಡಿಯ ಒಳಗಿನ ಪೊಟೆನ್ಶಿಯೊಮೀಟರ್‌ನ ವಿದ್ಯುತ್ ರೋಧದ ಅಳತೆ ಹೇಳಿದ ಮೌಲ್ಯಕ್ಕಿಂತ ಶೇಕಡಾ 20ರಷ್ಟು ಆಚೀಚೆ ಇರುವುದಕ್ಕೂ ತಯಾರಿಕೆಯಲ್ಲಿ ಅನುಮತಿಯಿದೆ. ಗುಂಡಿ ತಿರುಗಿಸುವಾಗ ಕರಕರ ಎಂದರೆ, ಸ್ವಿಚ್ಚಿನ ಒಂದು ಸ್ಥಾನದಲ್ಲಿ ಸದ್ದು ಕಡಿದುಹೋದರೆ, ಅದು ದೋಷ.

ಈಗ ನಿಮ್ಮ ನಿರ್ಧಾರ. ಗೆರೆ ಅಂಟಿನ ಸಂದು ಎಂದು ಖಚಿತವಾದರೆ, ಅಥವಾ ನೆಕ್ ತಿರುಚಿದ್ದರೆ, ಅಥವಾ ಟ್ರಸ್ ರಾಡ್ ಈಗಲೇ ಕೊನೆಮುಟ್ಟಿದ್ದು ಮುಂದೆ ತಿರುಗಿಸಲು ಜಾಗವೇ ಇಲ್ಲದಿದ್ದರೆ, ರಿಪೇರಿಗೆ ಒಪ್ಪದೆ ಬದಲಿ ಗಿಟಾರನ್ನೋ ಹಣವನ್ನೋ ಕೇಳಿ. ಹಾಗಿಲ್ಲದಿದ್ದರೆ, ಮತ್ತು ಗಿಟಾರಿನ ನಾದ, ಕೈಗೆ ಕೂರುವ ನೆಕ್ ನಿಮಗೆ ಹಿಡಿಸಿದ್ದರೆ, ಅದನ್ನು ಇಟ್ಟುಕೊಳ್ಳಿ ಎಂದೇ ನಾನು ಹೇಳುತ್ತೇನೆ. ಆದರೆ ಫ್ರೆಟ್ ಮತ್ತು ನಟ್ ಕೆಲಸದ ಕೆಲವು ಸಾವಿರ ರೂಪಾಯಿಯನ್ನು ಅಂಗಡಿಯೇ ಭರಿಸಬೇಕು, ಒರೆಸಿದರೂ ಹೋಗದ ಮಚ್ಚೆಗೆ ಬೆಲೆಯಲ್ಲಿ ಒಂದಂಶ ಹಿಂದಿರುಗಿಸಬೇಕು. ಅನೇಕ ವಾರಂಟಿಗಳು ಹೊಂದಾಣಿಕೆಯ ಕೆಲಸವನ್ನು ಹೊರಗಿಡುತ್ತವೆ, ಆದ್ದರಿಂದ ‘ಸೆಟಪ್’ ಎಂಬ ಪದವನ್ನು ನೀವಾಗಿ ಬಳಸಬೇಡಿ. ‘ಫ್ರೆಟ್ ತುದಿಗಳನ್ನು ದುಂಡಗೆ ಮಾಡಿಲ್ಲ’, ‘ಹನ್ನೆರಡನೆಯ ಫ್ರೆಟ್ ಎತ್ತರವಾಗಿದೆ’, ‘ಜಿ ತಂತಿಯ ಕಚ್ಚಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತಿದೆ’ ಎಂದು ಕಂಡದ್ದನ್ನು ಕಂಡಂತೆ, ಫೋಟೊ ಮತ್ತು ದಿನಾಂಕಗಳ ಸಮೇತ ಇಮೇಲ್‌ನಲ್ಲಿ ಬರೆಯಿರಿ. ಮಾತಿನಲ್ಲಿ ಆದ ಒಪ್ಪಂದವನ್ನೂ ಅದೇ ದಿನ ಇಮೇಲ್‌ನಲ್ಲಿ ದಾಖಲಿಸಿ.

ಅಂಗಡಿ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಿ. ಅಲ್ಲಿಗೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು. 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ನನ್ನ ಅನುಭವದಲ್ಲಿ ಅಷ್ಟು ದೂರ ಹೋಗಬೇಕಾಗಿ ಬರುವುದು ಕಡಿಮೆ. ಅಳತೆ, ಫೋಟೊಗಳಿರುವ ಪತ್ರ ಕೈಸೇರಿದಾಗ ಅಂಗಡಿಯವರ ಧಾಟಿ ಬದಲಾಗುತ್ತದೆ.

ಬದಲಿ ಗಿಟಾರು ಸಿಗುವುದಾದರೆ, ಪೆಟ್ಟಿಗೆ ಬಂದ ದಿನವೇ ತೆರೆಯಲು ಆತುರಪಡದೆ ಒಂದು ದಿನ ಕೋಣೆಯ ಹವೆಗೆ ಹೊಂದಿಕೊಳ್ಳಲು ಬಿಡುವಂತೆ ಹೇಳಿ. ವಿಮಾನದ ಚಳಿಯಿಂದ ಬಂದ ನೈಟ್ರೊ ಲ್ಯಾಕರನ್ನು ಒಮ್ಮೆಲೇ ಬಿಸಿಗೆ ಒಡ್ಡಿದರೆ ಅದು ಬಿರಿಯುತ್ತದೆ. ಮರುದಿನ ನೀವೇ ಅಂಗಡಿಗೆ ಹೋಗಿ, ಗಿಟಾರನ್ನು ಒಪ್ಪಿಕೊಳ್ಳುವುದಕ್ಕೆ ಮೊದಲು ಎಟಿಎಂ ಕಾರ್ಡನ್ನು ಫ್ರೆಟ್‌ಗಳ ಮೇಲೆ ಇಟ್ಟು ನೋಡಿ, ಜಿ ತಂತಿಯನ್ನು ಎಳೆದು ಬಿಟ್ಟು ಶ್ರುತಿ ನೋಡಿ, ಹೆಡ್‌ಸ್ಟಾಕ್ ಕಡೆಯಿಂದ ನೆಕ್ ಉದ್ದಕ್ಕೂ ಕಣ್ಣು ಹಾಯಿಸಿ ಎರಡೂ ಬದಿಯ ಇ ತಂತಿಗಳು ಅಂಚಿನಿಂದ ಒಂದೇ ದೂರದಲ್ಲಿವೆಯೇ ಎಂದು ನೋಡಿ. ಈ ಮೂರಕ್ಕೂ ಸೇರಿ ಹತ್ತು ನಿಮಿಷ ಸಾಕು.